ಸಮುದ್ರರಾಜರ ಸಹಭಾಗಿತ್ವ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜುಲೈಯಲ್ಲಿ ಮಳೆ ಜಾಸ್ತಿಯಾಯಿತೆಂದು ಶಾಲೆಗೆ ರಜೆ. ಏಪ್ರಿಲಿನಲ್ಲಿ ಕೊಡಪಾನ ಹಿಡಿದು ಟ್ಯಾಂಕರಿನ ಹಿಂದೆ ಓಟ. ಈ ಎರಡರ ನಡುವೆ ನಡೆಯುವುದಕ್ಕೆ ‘ಅಂತರ್ಜಲ ಸಂರಕ್ಷಣೆಯಲ್ಲಿ ಸಮುದಾಯದ ಸಹಭಾಗಿತ್ವ’ ಎಂದು ಹೆಸರು.

ಅದೇನು ಸಾಮಾನ್ಯ ಕಾರ್ಯವೇ? ಬ್ಯಾನರ್ ಕಟ್ಟಬೇಕು, ದೀಪ ಬೆಳಗಬೇಕು, ಸಂಪನ್ಮೂಲ ವ್ಯಕ್ತಿ ಬರಬೇಕು, ಹಾಜರಿ ಪುಸ್ತಕದಲ್ಲಿ ಸಹಿ ಬೀಳಬೇಕು. ವೇದಿಕೆಯ ಮೇಲಿದ್ದವರಿಗೆ ಬಾಟಲಿ ನೀರು. ಸಭಿಕರಿಗೆ ಊರ ಬಾವಿ ನೀರಿನ ಚಾ.

ವಿಷಯ ಮಾತ್ರ ಬಹಳ ಸರಳ. ಕಡಲ ಬದಿಯ ನೆಲದಡಿಯಲ್ಲಿ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಕೂತಿರುತ್ತದೆ. ಸಮುದ್ರಮಟ್ಟದಿಂದ ಒಂದು ಮೀಟರ್ ಮೇಲಕ್ಕೆ ಸಿಹಿನೀರಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೆ ಅದರದೇ ರಾಜ್ಯ. ಮೇಲಿನ ಒಂದು ಮೀಟರನ್ನು ಪಂಪು ಖಾಲಿ ಮಾಡಿತೋ, ಕ್ರಮೇಣ ಉಪ್ಪು 40 ಮೀಟರ್ ಏರುತ್ತದೆ. ಇಷ್ಟು ಬಡ್ಡಿಯನ್ನು ಯಾವ ಫೈನಾನ್ಸಿನವನೂ ಹಾಕಲಾರ. ನೂರು ಕೊಡ ಒಳ್ಳೆ ನೀರಿಗೆ ಎರಡು ಕೊಡ ಕಡಲ ನೀರು ಬೆರೆತರೆ ಸಾಕು, ರುಚಿ ಕೆಡುತ್ತದೆ.

ಪಂಪಿನ ಸ್ವಿಚ್ಚು ಹಾಕುವುದರಲ್ಲಿ ನಮ್ಮ ಸಹಭಾಗಿತ್ವ ನೂರಕ್ಕೆ ನೂರು. ಅದಕ್ಕೆ ದೀಪವೂ ಬೇಡ, ಭಾಷಣವೂ ಬೇಡ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ 2008ರಿಂದ ಕರೆಂಟು ಪುಕ್ಕಟೆ. ಬಾವಿ ಉಪ್ಪಾಯಿತೇ? ಪಕ್ಕದಲ್ಲೇ ಕೊಳವೆಬಾವಿ. ಅದೂ ಉಪ್ಪಾಯಿತೇ? ಇನ್ನೂ ಆಳಕ್ಕೆ. ಉಪ್ಪು ಇರುವುದೇ ಕೆಳಗೆ ಮಾರಾಯ ಎಂದವನು ಅಭಿವೃದ್ಧಿ ವಿರೋಧಿ.

ಇನ್ನು ಕಿಂಡಿ ಅಣೆಕಟ್ಟು. ಉಬ್ಬರದ ಉಪ್ಪುನೀರು ಹೊಳೆಗೆ ನುಗ್ಗಬಾರದು, ಸಿಹಿನೀರು ನಿಂತು ಸುತ್ತಲ ಬಾವಿಗಳಿಗೆ ಇಂಗಬೇಕು ಎಂದು ಕಟ್ಟಿದ್ದು. ಆದರೆ ಕಿಂಡಿಗೆ ಹಲಗೆ ಹಾಕುವ ತನಕ ಅದು ಬರೀ ಕಂಬಗಳ ಸಾಲು. ಹಾಕುವವರು ಯಾರು? ಇಲಾಖೆ ಪಂಚಾಯತನ್ನು ತೋರಿಸುತ್ತದೆ, ಪಂಚಾಯತು ಬಳಕೆದಾರರ ಸಮಿತಿಯನ್ನು, ಸಮಿತಿ ತನ್ನ ಅಧ್ಯಕ್ಷರನ್ನು. ಅಧ್ಯಕ್ಷರು ಬೆಂಗಳೂರಿಗೆ, ಮಗನ ಮನೆಗೆ ಹೋಗಿದ್ದಾರೆ. ಕಳೆದ ಸಲದ ಹಲಗೆಗಳಲ್ಲಿ ಅರ್ಧ ಗೆದ್ದಲಿಗೆ. ಉಳಿದರ್ಧ ಯಾರದೋ ಹಟ್ಟಿಯ ಬಾಗಿಲಾಗಿದೆ (ಸಮುದಾಯದ ಸ್ವತ್ತು ಸಮುದಾಯಕ್ಕೇ ಸೇರಿತು ಬಿಡಿ). ಅಷ್ಟರಲ್ಲಿ ಹುಣ್ಣಿಮೆ. ಸಮುದ್ರರಾಜರು ಆಮಂತ್ರಣ ಪತ್ರಿಕೆಗೆ ಕಾಯದೆ ಒಳಗೆ ಬಂದು ಕೂರುತ್ತಾರೆ. ಇಡೀ ಯೋಜನೆಯಲ್ಲಿ ಹೇಳಿದ ಹೊತ್ತಿಗೆ ಹಾಜರಾಗುವವರು ಅವರೊಬ್ಬರೇ.

ಇದೇ ಸೀಮೆಯಲ್ಲಿ ಹಿಂದೆ ಮಳೆ ನಿಂತೊಡನೆ ಊರವರೇ ಕಲ್ಲು, ಮಣ್ಣು, ಸೊಪ್ಪು ಹೊತ್ತು ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಾಸರಗೋಡಿನ ಏತಡ್ಕದಲ್ಲಿ ಅಡಿಕೆ ಕೃಷಿಕರು ತಲೆಮಾರುಗಳಿಂದ ಈ ಕಟ್ಟಗಳನ್ನು ನಡೆಸಿಕೊಂಡು ಬಂದವರು. ಪಾಪ, ಅವರ ಅಜ್ಜಂದಿರಿಗೆ ಸಹಭಾಗಿತ್ವದ ತರಬೇತಿಯೇ ಸಿಕ್ಕಿರಲಿಲ್ಲ; ಬರುವ ಬೇಸಿಗೆ ಮಾತ್ರ ಗೊತ್ತಿತ್ತು.

ನಿಮ್ಮೂರಿನಲ್ಲಿ ಮುಂದಿನ ಸಭೆ ಕರೆದಾಗ ಸ್ವಾಗತ ಭಾಷಣಕ್ಕೆ ಮೊದಲೇ ಎದ್ದು ಕೇಳಿ: ಹಲಗೆ ಎಲ್ಲಿವೆ? ನವೆಂಬರಿನಲ್ಲಿ ಹಾಕುವವರು ಯಾರು? ಯಾರ ಪಂಪು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಉತ್ತರ ಹೇಳಿದವರ ಹೆಸರನ್ನು ಹಾಜರಿ ಪುಸ್ತಕದಲ್ಲೇ ಬರೆಸಿ.