ಹೊರರಾಜ್ಯದ ಮೊದಲ ಸೈಟು: ಬಳಕೆಯ ವಿಧಾನ

ಬೇಕಾಗುವ ಸಾಮಗ್ರಿ: ಬೆಂಗಳೂರಿನಲ್ಲಿ 30×40 ಎಟುಕದ ಸಂಬಳ, ಪಿಎಫ್‌ನಿಂದ ಬಿಡಿಸಿದ ದುಡ್ಡು, ‘ಈಗ ಬಿಟ್ರೆ ಮತ್ತೆ ಸಿಗಲ್ಲ ಭಾವ’ ಎನ್ನುವ ಒಬ್ಬ ಭಾವಮೈದ.

ಮೊದಲು ಊರು ಆರಿಸಿ. ಆಂಧ್ರದಲ್ಲಿ ಇದು ಸುಲಭ, ಯಾರು ಗದ್ದುಗೆಯಲ್ಲಿದ್ದಾರೆ ನೋಡಿದರೆ ಸಾಕು. 2015ರಲ್ಲಿ ಅಮರಾವತಿಗೆ ಶಂಕುಸ್ಥಾಪನೆಯಾದಾಗ ವಿಜಯವಾಡದ ಬಸ್ಸು ಹತ್ತಬೇಕಿತ್ತು. 2019ರ ಕೊನೆಗೆ ಮೂರು ರಾಜಧಾನಿಗಳ ಮಾತೆದ್ದಾಗ ಇಳಿದು ವಿಶಾಖಪಟ್ಟಣದ ರೈಲು. 2024ರ ಚುನಾವಣೆ ಮುಗಿದ ಮೇಲೆ ವಾಪಸ್ ವಿಜಯವಾಡ. ವಿಶಾಖಪಟ್ಟಣದಲ್ಲಿ ಕೊಂಡವರೂ ಕೊರಗಬೇಕಿಲ್ಲ, ಅವರ ಭೋಗಾಪುರಂ ವಿಮಾನ ನಿಲ್ದಾಣಕ್ಕೆ 2019ರಲ್ಲೊಂದು, 2023ರಲ್ಲೊಂದು, ಹೀಗೆ ಎರಡು ಶಂಕುಸ್ಥಾಪನೆ ಆಗಿವೆ. ಬ್ರೋಷರಿನಲ್ಲಿ ಎಲ್ಲವೂ ಹತ್ತೇ ನಿಮಿಷದ ದಾರಿ.

ಅಲ್ಲಿ ಗಜದ ಲೆಕ್ಕ. ಬ್ರೋಕರ್ ‘18 ಸಾವಿರ’ ಎಂದಾಗ ಚದರಡಿಗೆ ಅಂದುಕೊಂಡು ಎದೆ ಹಿಡಿದುಕೊಳ್ಳಬೇಡಿ. ಒಂದು ಗಜಕ್ಕೆ ಒಂಬತ್ತು ಚದರಡಿ, ಅಂದರೆ ಚದರಡಿಗೆ ಎರಡೇ ಸಾವಿರ. ಭಾಗಾಕಾರ ಮುಗಿದಾಗ ಬರುವ ಆ ನಿಟ್ಟುಸಿರಿನಲ್ಲೇ ಬಹಳ ಮಂದಿ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಇಸಿ ತೆಗೆಸಿ. ಸರ್ವೆ ನಂಬರು 22-ಎ ನಿಷೇಧಿತ ಪಟ್ಟಿಯಲ್ಲಿದ್ದರೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಬಿ ಖಾತಾದಲ್ಲಿ ಪಳಗಿದ ನಮಗೆ ಇಷ್ಟು ಸಾಕು.

ಇನ್ನು ವಿಜಯವಾಡದ ಭವಾನಿಪುರಂ. ಮುಂದೆ ಕೃಷ್ಣೆ, ನದಿಯ ನಡುವೆ ಭವಾನಿ ದ್ವೀಪ, ಅತ್ತ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ. ಬಾಲ್ಕನಿಯಲ್ಲಿ ನಿಂತರೆ ಪೆನ್ನು ತಾನಾಗಿ ಕೈಗೆ ಬರುತ್ತದೆ. ಪೆನ್ನು ಜೇಬಿಗಿಟ್ಟು, ನದಿಗೆ ಬೆನ್ನು ಮಾಡಿ ಹಿಂದಿನ ಬೀದಿಗಳಿಗೆ ನಡೆಯಿರಿ. 2024ರ ಸೆಪ್ಟೆಂಬರಿನಲ್ಲಿ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ನುಗ್ಗುತ್ತಿದ್ದಾಗ ಊರಿನ ಕಣ್ಣೆಲ್ಲ ಕೃಷ್ಣೆಯ ಮೇಲೆ. ಮನೆಗಳನ್ನು ಮುಳುಗಿಸಿದ್ದು ಹಿತ್ತಲ ಕಡೆಯಿಂದ ಏರಿ ಒಡೆದುಕೊಂಡು ಬಂದ ಬುಡಮೇರು ಹಳ್ಳ.

ಆದ್ದರಿಂದ ಗೋಡೆ ಓದಿ. ಕಾಂಪೌಂಡಿನಲ್ಲಿ ಹೊಸ ಪೇಂಟು ಸೊಂಟದ ಮಟ್ಟಕ್ಕೇ ನಿಂತಿದೆಯೇ? ಮೆಟ್ಟಿಲ ಕೆಳಗಿನ ಕರೆಂಟ್ ಮೀಟರು ಈಚೆಗೆ ಮೇಲೆ ಹೋಗಿದೆಯೇ, ಹಳೆಯ ಮೊಳೆಯ ತೂತು ಕೆಳಗೇ ಉಳಿದಿದೆಯೇ? ಬ್ರೋಕರನ್ನು ಕೇಳಬೇಡಿ, ಅವರಿಗೆ ಆ ವರ್ಷ ಹೈದರಾಬಾದಿನಲ್ಲಿ ಕೆಲಸವಿತ್ತು. ಮೂಲೆಯ ಇಸ್ತ್ರಿಯವರ ಹತ್ತಿರ ಹೋಗಿ, ‘ನೀಳ್ಳು ಎಂತವರಕೂ ವಚ್ಚಾಯಂಡಿ?’ ಎನ್ನಿ. ಅವರು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಕೈ ಸೊಂಟಕ್ಕಿಟ್ಟು, ಸ್ವಲ್ಪ ಯೋಚಿಸಿ, ಎದೆಗೇರಿಸುತ್ತಾರೆ. ಚೌಕಾಸಿ ಅಲ್ಲಿಂದ ಶುರು ಮಾಡಿ.