ಕೆಜಿಗಾ, ಕಾಲು ಕೆಜಿಗಾ?

ಸಂಜೆ ಹೊತ್ತು ನಮ್ಮ ಬೀದಿಗೆ ತರಕಾರಿ ತಳ್ಳುಗಾಡಿ ಬರುತ್ತದೆ. ಗಾಡಿಗೆ ಸಿಕ್ಕಿಸಿದ ರಟ್ಟಿನ ಮೇಲೆ 30 ಎಂದು ಅಂಗೈಯಗಲದ ಅಂಕಿ. ಅದರ ಮಗ್ಗುಲಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಗೆ, 1/4. ಹೊಸಬರು ಎರಡು ಕೆಜಿ ಬೀನ್ಸ್ ತೂಗಿಸಿಕೊಂಡು ಆಮೇಲೆ ಬಾಯಿ ಬಾಯಿ ಬಿಡುತ್ತಾರೆ. ಪಕ್ಕದ ಮನೆ ಅಜ್ಜಿ ಮಾತ್ರ ತರಕಾರಿ ಮುಟ್ಟುವ ಮೊದಲೇ ಕೇಳಿಬಿಡುತ್ತಾರೆ: “ಮೂವತ್ತು ಅಂದ್ರೆ ಯಾವ್ದಕ್ಕಪ್ಪಾ? ಕೆಜಿಗಾ, ಕಾಲು ಕೆಜಿಗಾ?”

1999ರಲ್ಲಿ ಈ ಅಜ್ಜಿಯನ್ನು ನಾಸಾದವರು ಕೆಲಸಕ್ಕೆ ಇಟ್ಟುಕೊಂಡಿದ್ದರೆ ಹನ್ನೆರಡೂವರೆ ಕೋಟಿ ಡಾಲರು ಉಳಿಯುತ್ತಿತ್ತು.

ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯ ಬೆಲೆ ಅದು. ಮಂಗಳದ ಹವೆ ನೋಡಿಕೊಂಡು ಬರಲಿ ಎಂದು 1998ರ ಡಿಸೆಂಬರ್ 11ರಂದು ಹಾರಿಸಿದ್ದರು. ದಾರಿಯಲ್ಲಿ ಅದಕ್ಕೊಂದು ಸಣ್ಣ ತಾಪತ್ರಯ. ಸೌರಫಲಕ ಒಂದೇ ಮಗ್ಗುಲಿಗೆ ಇದ್ದದ್ದರಿಂದ ಬಿಸಿಲಿನ ಒತ್ತಡಕ್ಕೇ ನೌಕೆ ಮೆಲ್ಲಗೆ ವಾಲುತ್ತಿತ್ತು. ಒಳಗಿನ ಚಕ್ರಗಳು ತಿರುತಿರುಗಿ ಅದನ್ನು ನೆಟ್ಟಗೆ ಹಿಡಿಯಬೇಕು; ಚಕ್ರಗಳ ವೇಗ ಮಿತಿಮೀರಿದಾಗ ಪುಟ್ಟ ಥ್ರಸ್ಟರುಗಳನ್ನು ಪುಸ್ ಎನ್ನಿಸಿ ಅವನ್ನು ಸಮಾಧಾನ ಮಾಡಬೇಕು. ಪ್ರತಿ ಪುಸ್ಸಿಗೂ ನೌಕೆ ಕೂದಲೆಳೆಯಷ್ಟು ದಾರಿ ಬದಲಿಸುತ್ತದೆ. ಆ ಪುಸ್ಸುಗಳ ಲೆಕ್ಕ ಬರೆಯುವ ಕಡತಕ್ಕೆ ಇಟ್ಟ ಹೆಸರೇ ‘ಸಣ್ಣ ಬಲಗಳು’.

ಲೆಕ್ಕ ಬರೆದವರು ಡೆನ್ವರಿನ ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರು, ಪೌಂಡಿನಲ್ಲಿ. ಓದಿದವರು ಪ್ಯಾಸಡೀನಾದಲ್ಲಿರುವ ನಾಸಾದ ಜೆಪಿಎಲ್ ಪ್ರಯೋಗಾಲಯದವರು, ನ್ಯೂಟನ್ನಿನಲ್ಲಿ. ನ್ಯೂಟನ್ನಿನಲ್ಲೇ ಕೊಡಬೇಕೆಂದು ಒಪ್ಪಂದದ ಕಾಗದದಲ್ಲಿ ಬರೆದಿತ್ತು. ಕಾಗದದಲ್ಲಿ ಬರೆದದ್ದನ್ನೆಲ್ಲ ಓದುವ ಕಾಲ ಯಾವ ದೇಶದಲ್ಲೂ ಇಲ್ಲ ಬಿಡಿ. ಒಂದು ಪೌಂಡ್ ಬಲಕ್ಕೆ 4.45 ನ್ಯೂಟನ್. ಅಂದರೆ ನೌಕೆಯನ್ನು ನಾಲ್ಕೂವರೆ ಪಟ್ಟು ಜೋರಾಗಿ ತಳ್ಳುತ್ತಿದ್ದರೂ ಜೆಪಿಎಲ್‌ನವರ ಖಾತೆಯಲ್ಲಿ ಬೆರಳು ತಾಗಿಸಿದ ಲೆಕ್ಕ. ಮೊದಲ ನಾಲ್ಕು ತಿಂಗಳು ಆ ಕಡತ ಬೇರೇನೋ ದೋಷಕ್ಕೆ ಬಳಕೆಗೇ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ರಿಪೇರಿ ಮಾಡಿ ಕೊಟ್ಟರು. ಕೆಲವು ರಿಪೇರಿಗಳೇ ಹಾಗೆ.

ನೌಕೆಯ ದಾರಿ ನೋಡಿಕೊಳ್ಳುವವರಿಗೆ ಅನುಮಾನ ಬಾರದೆ ಇರಲಿಲ್ಲ. ಏನೋ ಹೊಂದುತ್ತಿಲ್ಲವಲ್ಲ ಎಂದು ಇಮೇಲು ಹಾಕಿದರು, ಅವರಿವರ ಹತ್ತಿರ ಹೇಳಿದರು. ಆದರೆ ಅನುಮಾನಪಡುವುದಕ್ಕೂ ಅಲ್ಲೊಂದು ನಿಗದಿತ ನಮೂನೆ ಇದೆ, ಅದನ್ನು ತುಂಬಿಕೊಡಲಿಲ್ಲ. ನಮ್ಮ ತಾಲ್ಲೂಕು ಕಚೇರಿಯನ್ನು ಆಡಿಕೊಳ್ಳುವವರು ಇದನ್ನು ಗಮನಿಸಬೇಕು. ಮಂಗಳದ ಮೇಲೆ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಿದ್ದ ನೌಕೆಯ ಅಂದಾಜು ಕೊನೆಯ ವಾರ 150-170ರ ನಡುವೆಗೆ ಇಳಿಯಿತು, ಹಿಂದಿನ ದಿನ 110ಕ್ಕೆ. 80ಕ್ಕಿಂತ ಕೆಳಗೆ ಹೋದರೆ ಉಳಿಗಾಲವಿಲ್ಲ. ಸೆಪ್ಟೆಂಬರ್ 23ರಂದು, ನೌಕೆ ಗ್ರಹದ ಹಿಂದೆ ಮರೆಯಾಗಬೇಕಾದ ಹೊತ್ತಿಗಿಂತ 49 ಸೆಕೆಂಡು ಮೊದಲೇ ಅದರ ಸದ್ದಡಗಿತು. ಆಮೇಲೆ ಲೆಕ್ಕ ಹಾಕಿದರೆ ಎತ್ತರ 57 ಕಿಲೋಮೀಟರ್.

ಈ ಕಥೆಯಲ್ಲಿ ನನಗೆ ಹೆಚ್ಚು ನಗು ತರಿಸುವುದು ಪೌಂಡಿನ ಗತ್ತು. ಅಮೆರಿಕದವರು ಇಂಗ್ಲೆಂಡಿನ ರಾಜನನ್ನು ಒದ್ದು ಓಡಿಸಿದರು, ಅವನ ತಕ್ಕಡಿಯನ್ನು ಮಾತ್ರ ಎದೆಗಪ್ಪಿಕೊಂಡರು. ಅತ್ತ ನ್ಯೂಟನ್ ಅಪ್ಪಟ ಇಂಗ್ಲಿಷಿನವನು. 1948ರಲ್ಲಿ ಅವನ ಹೆಸರನ್ನು ಬಲದ ಮಾನಕ್ಕೆ ಇಟ್ಟದ್ದು ಫ್ರೆಂಚರು ಹುಟ್ಟಿಸಿದ ಪದ್ಧತಿ. ಇನ್ನು ಪೌಂಡಿಗಾದರೂ ಸ್ವಂತ ಮನೆ ಇದೆಯೇ ಎಂದರೆ ಅದೂ ಇಲ್ಲ. 1893ರಿಂದಲೇ ಅಮೆರಿಕದ ಪೌಂಡು ಕಿಲೋಗ್ರಾಮಿನ ಮನೆಯಲ್ಲಿ ಬಾಡಿಗೆಗಿದೆ. 1959ರಿಂದ ಬಾಡಿಗೆ ಕರಾರು 0.45359237 ಕಿಲೋಗ್ರಾಂ ಎಂದು ಗಟ್ಟಿಯಾಗಿದೆ. ಮೆಟ್ರಿಕ್‌ಗೆ ಬನ್ನಿ ಎಂದು 1975ರಲ್ಲಿ ಅಲ್ಲೂ ಕಾಯಿದೆ ಆಯಿತು, ಇಷ್ಟವಿದ್ದವರು ಬನ್ನಿ ಎಂದು. ಯಾರಿಗೂ ಇಷ್ಟವಿರಲಿಲ್ಲ. ಅದಕ್ಕೆಂದೇ ಮಾಡಿದ್ದ ಮಂಡಳಿಯನ್ನು 1982ರಲ್ಲಿ ಮುಚ್ಚಿದರು.

ನಾವೇನು ಕಡಿಮೆಯೇ? 1956ರಲ್ಲಿ ಕಾಯಿದೆ ಮಾಡಿ ಸೇರು, ಮಣಗಳನ್ನು ಊರಾಚೆ ಅಟ್ಟಿದ ನಾವು ಪೌಂಡನ್ನು ಟೈರಿನೊಳಗೆ ಬಚ್ಚಿಟ್ಟುಕೊಂಡಿದ್ದೇವೆ. ಪಂಕ್ಚರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ “ಹಿಂದೆ ಮೂವತ್ತಾರು ಹೊಡಿಯಪ್ಪ” ಎನ್ನುತ್ತೇವಲ್ಲ, ಅದು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಬಲ ಎಂಬ ಲೆಕ್ಕ. ಫಿಸಿಕ್ಸಿನಲ್ಲಿ ನೂರಕ್ಕೆ ನೂರು ತೆಗೆದ ಮಗನೂ ಅಲ್ಲಿ ನ್ಯೂಟನ್ ಎಂದು ಬಾಯಿಬಿಡುವುದಿಲ್ಲ. ಬಿಟ್ಟರೆ ಅಂಗಡಿಯ ಹುಡುಗ ಅವನ ಮುಖವನ್ನೊಮ್ಮೆ, ಟೈರನ್ನೊಮ್ಮೆ ನೋಡುತ್ತಾನೆ. ಹಾಗಿದ್ದೂ ಅಲ್ಲಿ ಅನಾಹುತವಾಗುವುದಿಲ್ಲ, ಏಕೆಂದರೆ ಹೇಳುವವನ ಬಾಯಲ್ಲೂ ಹೊಡೆಯುವವನ ಮೀಟರಿನಲ್ಲೂ ಇರುವುದು ಅದೇ ಪೌಂಡು. ಕೆಲವು ಮೀಟರುಗಳಲ್ಲಿ ಒಳಸುತ್ತಿಗೆ ಇನ್ನೊಂದು ಅಳತೆ ಬರೆದಿರುತ್ತದೆ, ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು. ಅದರ 2.2ಕ್ಕೂ ಹೊರಸುತ್ತಿನ 31ಕ್ಕೂ ವ್ಯತ್ಯಾಸ ಬಹಳವಿಲ್ಲ. ಆ ಸುತ್ತಿನ 2.2 ಓದಿ ಈ ಸುತ್ತಿನಲ್ಲಿ ಗಾಳಿ ಹೊಡೆದರೆ ಮಾತ್ರ ಸ್ಕೂಟರ್ ರಿಮ್ಮಿನ ಮೇಲೆ ಕೂರುತ್ತದೆ. ಅಜ್ಜಿಯಂತೂ ಆ ಹುಡುಗನಿಗೂ “ಯಾವ ಸುತ್ತಿಂದಪ್ಪಾ?” ಎಂದು ಕೇಳದೆ ಬಿಡುವವರಲ್ಲ.

ಆರ್ಬಿಟರ್ ಕಳೆದುಹೋಗಿ ಹದಿನೈದು ವರ್ಷ, ಒಂದು ದಿನಕ್ಕೆ, 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಬೆಂಗಳೂರಿನ ಪೀಣ್ಯದಲ್ಲಿ ಕೂತ ಇಸ್ರೋದವರು ಮಂಗಳಯಾನವನ್ನು ಕಕ್ಷೆಗೆ ಸೇರಿಸಿದರು, ಮೊದಲ ಯತ್ನದಲ್ಲೇ, 450 ಕೋಟಿ ರೂಪಾಯಿಯಲ್ಲಿ. ಅದರಲ್ಲಿದ್ದ ಮುಖ್ಯ ಎಂಜಿನ್ನಿಗೆ ಇಸ್ರೋದವರು ಕರೆಯುವ ಹೆಸರೇ 440 ನ್ಯೂಟನ್ ಎಂಜಿನ್.