ಕುಂಡದ ಗೇಣಿದಾರ

ಪುಣೆಯ ಪಿಂಪ್ಳೆ ಸೌದಾಗರ, ಒಂಬತ್ತನೆಯ ಮಹಡಿಯ ಬಾಲ್ಕನಿ, ಹನ್ನೆರಡು ಇಂಚಿನ ಕುಂಡ. ಅದರಲ್ಲಿ ಹಾವೇರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕರಿಬೇವಿನ ಸಸಿ. ಈಗ ಎಲೆಗಿಂತ ಕಡ್ಡಿಯೇ ಹೆಚ್ಚು. ಬೇರು ಕೊಳೆತಿದೆ ಎಂದ ಮಾಲಿ. ನರ್ಸರಿಯಲ್ಲಿ ಒಂದು ಕಿಲೋ ಬಿಳಿ ಪುಡಿ ಕೊಟ್ಟರು, ಪೊಟ್ಟಣದ ಮೇಲೆ ‘ಟ್ರೈಕೋಡರ್ಮಾ’ ಎಂದಿತ್ತು. ಹಾಕಿ ಹದಿನೈದು ದಿನವಾದರೂ ಸಸಿ ಮಿಸುಕಲಿಲ್ಲ. ದುಡ್ಡು ಕೊಟ್ಟ ಗಿರಾಕಿಯ ಹಕ್ಕಿನಿಂದ ಭಾನುವಾರ ಬೆಳಿಗ್ಗೆ ಕುಂಡದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.

ನಾನು: ಟ್ರೈಕೋಡರ್ಮಾ ಅಂದರೆ ನೀವೇ ಏನು?

ಟ್ರೈಕೋ: ಅಳಿದುಳಿದವನು. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕು ಅಂತ ನಿಯಮ. ಪೊಟ್ಟಣ ಕಟ್ಟಿದ ದಿನ ಇದ್ದೆವೋ ಏನೋ. ಆಮೇಲೆ ಟೆಂಪೋ, ತಗಡಿನ ಷೆಡ್ಡು, ಏಪ್ರಿಲ್, ಮೇ. ನೀವು ಹೊತ್ತು ತಂದದ್ದು ಬಹುಪಾಲು ಟಾಲ್ಕಂ ಪೌಡರು. ತಯಾರಾದ ತಾರೀಖು ನೋಡಿದಿರಾ?

ನಾನು: ರಿಯಾಯಿತಿ ಎಷ್ಟು ಅಂತ ನೋಡಿದೆ. ಅದಿರಲಿ, ಕನ್ನಡ ಚೆನ್ನಾಗಿ ಬರುತ್ತದಲ್ಲ ನಿಮಗೆ!

ಟ್ರೈಕೋ: ಮಣ್ಣಿನೊಳಗೆ ಗಡಿಯಿಲ್ಲ, ಮಹಾಜನ ವರದಿಯ ಗಲಾಟೆಯೂ ಇಲ್ಲ. ನಿಪ್ಪಾಣಿಯ ಬೇರಿನಲ್ಲೂ ನಾವೇ, ಕಾಗಲ್ಲಿನ ಬೇರಿನಲ್ಲೂ ನಾವೇ. ಆದರೂ ಪುಣೆಯ ನೀರು ಕುಡಿದಿದ್ದೇನೆ, ಮಧ್ಯಾಹ್ನ ಒಂದರಿಂದ ನಾಲ್ಕು ಮಾತಾಡುವುದಿಲ್ಲ. ಬೇಗ ಮುಗಿಸಿ.

ನಾನು: ಈ ಊರಿನವರೇ ಅನ್ನಿ.

ಟ್ರೈಕೋ: ಇದೇ ನೆಲದವನು. ಇಲ್ಲಿನ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಎಂಬ ಇಂಗ್ಲಿಷರು 1917ರಲ್ಲಿ ಒಂದು ದಖ್ಖನಿ ಹಳ್ಳಿಯ ಹೊಲ, ಸಾಲ, ದುಡಿಮೆಗಳ ಲೆಕ್ಕ ಬರೆದು ಪುಸ್ತಕ ಮಾಡಿದರು. ಆ ಹಳ್ಳಿ ಯಾವುದು ಗೊತ್ತೇ? ನಿಮ್ಮ ಲಿಫ್ಟು ನಿಂತಿರುವ ಈ ಪಿಂಪ್ಳೆ ಸೌದಾಗರವೇ. 1771ರಲ್ಲಿ ಒಬ್ಬ ರೈತನ ಹಿಡುವಳಿ ಸರಾಸರಿ 40 ಎಕರೆ, 1914-15ಕ್ಕೆ 7 ಎಕರೆ ಅಂತ ಅವರು ಮರುಗಿದ್ದರು. ಅವರು ಈಗ ಬಂದು ಈ ಕುಂಡ ನೋಡಬೇಕಿತ್ತು.

ನಾನು: ಕುಂಡಕ್ಕೇನಾಗಿದೆ? ಪಿಂಗಾಣಿಯದು.

ಟ್ರೈಕೋ: ನಲವತ್ತು ಎಕರೆಯಿಂದ ಹನ್ನೆರಡು ಇಂಚಿಗೆ ಬಂದ ಗೇಣಿದಾರ ನಾನು. ಇಲ್ಲಿನ ಪಹಣಿಯಾದ ಸಾತ್‌ಬಾರಾ ಉತಾರದಲ್ಲಿ ನನ್ನ ಹೆಸರಿಲ್ಲ. ನಿಮ್ಮ ಕಡೆ ಉಳುವವನೇ ಒಡೆಯ ಅಂದಾಗ ನಮೂನೆ 7 ತುಂಬಬಹುದಿತ್ತು, ನಮಗೆ ಯಾರೂ ಹೇಳಲಿಲ್ಲ.

ನಾನು: ದಾಖಲೆಯಲ್ಲಿ ನೀವು ಇಲ್ಲವೇ ಇಲ್ಲ ಅನ್ನುವಂತಿಲ್ಲ. ಸರ್ಕಾರ ನೋಂದಣಿ ಮಾಡಿಸಿದೆಯಲ್ಲ?

ಟ್ರೈಕೋ: ಮಾಡಿಸಿದೆ, 1968ರ ಕೀಟನಾಶಕ ಕಾಯ್ದೆಯಡಿ! ನಾನು ತಿನ್ನುವುದು ರೋಗದ ಶಿಲೀಂಧ್ರವನ್ನು. ನನ್ನ ಪಕ್ಕದ ಮನೆಯ ಮೈಕೊರೈಝಾ ಮಾತ್ರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬರುತ್ತಾಳೆ. ಒಂದೇ ಬೇರಿಗೆ ಅಂಟಿಕೊಂಡ ನಾವಿಬ್ಬರು, ಒಬ್ಬ ವಿಷ, ಒಬ್ಬಳು ಗೊಬ್ಬರ. ಬೇರಿಗೆ ಇದನ್ನು ಇನ್ನೂ ತಿಳಿಸಿಲ್ಲ.

ನಾನು: ನೀವೂ ಶಿಲೀಂಧ್ರ, ತಿನ್ನುವುದೂ ಶಿಲೀಂಧ್ರ. ಸ್ವಜಾತಿಯವರನ್ನೇ…

ಟ್ರೈಕೋ: ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿದ್ದೀರಲ್ಲ, ಇದರಲ್ಲಿ ಆಶ್ಚರ್ಯವೇನು? ಬೇರು ಕೊಳೆಸುವ ರೈಜೋಕ್ಟೋನಿಯಾದ ಎಳೆ ಸಿಕ್ಕರೆ ಬಳ್ಳಿಯಂತೆ ಸುತ್ತಿಕೊಳ್ಳುತ್ತೇನೆ, ಕಿಣ್ವ ಬಿಟ್ಟು ಗೋಡೆ ಕರಗಿಸುತ್ತೇನೆ, ಒಳಗಿದ್ದುದನ್ನು ಹೀರುತ್ತೇನೆ. 1932ರಲ್ಲಿ ವೈಂಡ್ಲಿಂಗ್ ಎಂಬವರು ಇದನ್ನು ಕಂಡು ಬರೆದರು. ಅದಕ್ಕೆ ಮುಂಚೆ ನೂರಮೂವತ್ತೆಂಟು ವರ್ಷ, ಪರ್ಸೂನ್ 1794ರಲ್ಲಿ ಹೆಸರಿಟ್ಟಾಗಿನಿಂದ, ನಾನು ಬರೀ ಹಸಿರು ಬೂಸ್ಟು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳನ್ನು ತಿಂದು ಹಾಕಿದ್ದು ನನ್ನ ದಾಯಾದಿ. ಅವನ ಕಿಣ್ವದಲ್ಲೇ ಈಗ ಜೀನ್ಸ್ ಪ್ಯಾಂಟನ್ನು ಹಳತಾಗಿಸುತ್ತಾರೆ. ಹೊಸದನ್ನು ಹಳತು ಮಾಡಿ ದುಬಾರಿಗೆ ಮಾರುವ ವಿದ್ಯೆ ಮಾತ್ರ ನಮ್ಮದಲ್ಲ. ಮತ್ತೆ, ಅಣಬೆ ಬೆಳೆಯುವವರ ಹತ್ತಿರ ನನ್ನ ಹೆಸರೆತ್ತಬೇಡಿ. ಅವರ ತೊಟ್ಟಿಲಿಗೆ ಹೊಕ್ಕು ಕೆಡಿಸಿದ ಕೇಸುಗಳಿವೆ.

ಇಷ್ಟು ಪ್ರಾಮಾಣಿಕ ಉತ್ತರ ಮನುಷ್ಯರ ಸಂದರ್ಶನಗಳಲ್ಲಿ ನನಗೆ ಸಿಕ್ಕಿಲ್ಲ. ಆದರೂ ಗಿರಾಕಿಯ ಸಿಟ್ಟು ಇಳಿದಿರಲಿಲ್ಲ.

ನಾನು: ಹಾಗಾದರೆ ನನ್ನ ಕರಿಬೇವಿನ ಬೇರು ಯಾಕೆ ಉಳಿಯಲಿಲ್ಲ?

ಟ್ರೈಕೋ: ನನ್ನನ್ನು ಹಾಕಿದ ಸಂಜೆಯೇ ಇನ್ನೊಂದು ಡಬ್ಬಿಯಿಂದ ಒಂದು ಚಮಚ ಬೆರೆಸಿದಿರಿ, ನೆನಪಿದೆಯೇ?

ನಾನು: ಕಾರ್ಬೆಂಡಾಜಿಮ್. ಎರಡೂ ಒಳ್ಳೆಯದು ಅಂತ…

ಟ್ರೈಕೋ: ಶಿಲೀಂಧ್ರನಾಶಕ! ಬೀಗರನ್ನು ಊಟಕ್ಕೆ ಕರೆದು ಪಾಯಸಕ್ಕೆ ಪಾಷಾಣ ಹಾಕಿದಂತಾಯಿತು. ಆಮೇಲೆ ಊಟವಾದರೂ ಇತ್ತೇ? ಕುಂಡದಲ್ಲಿ ಬರೀ ತೆಂಗಿನ ನಾರಿನ ಪುಡಿ. ನಿಮ್ಮ ಶಿರಸಿ ಕಡೆಯ ತೋಟಿಗರು ಏನು ಮಾಡುತ್ತಾರೆ ನೋಡಿ. ನಮ್ಮದು ಒಂದು ಕಿಲೋ ತೆಗೆದುಕೊಂಡು ನೂರು ಕಿಲೋದಷ್ಟು ಕೊಟ್ಟಿಗೆಗೊಬ್ಬರ, ಬೇವಿನ ಹಿಂಡಿಯಲ್ಲಿ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಹೊದಿಸಿ ಒಂದೆರಡು ವಾರ ಬಿಡುತ್ತಾರೆ. ಹೊಟ್ಟೆತುಂಬ ಉಂಡು, ಸಂಸಾರ ಬೆಳೆಸಿಕೊಂಡು ಮೆಣಸಿನ ಬಳ್ಳಿಯ ಬುಡಕ್ಕೆ ದಂಡಾಗಿ ಹೋಗುತ್ತೇವೆ. ನೀವು ಉಪವಾಸದ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡು ಹಾಜರಿ ಕೇಳುತ್ತೀರಿ.

ಆಗ ಕುಂಡದ ತಳದಿಂದ ಒಂದು ಹೆಣ್ಣು ದನಿ ಬಂತು.

ಮೈಕೊ: ಏನ್ರಿ, ನನ್ನ ಯಾರೂ ಕೇಳಾಂಗೇ ಇಲ್ಲೇನು?

ಹಾವೇರಿಯ ಮಣ್ಣಿನ ಹೆಂಟೆಯೊಳಗೆ ಟಿಕೆಟಿಲ್ಲದೆ ಬಂದ ಮೈಕೊರೈಝಾ.

ನಾನು: ತಾಯೀ, ನೀವು ಇಲ್ಲಿದ್ದೀರೆಂದು ಗೊತ್ತಿರಲಿಲ್ಲ.

ಮೈಕೊ: ಯಾರಿಗೂ ಗೊತ್ತಿರಂಗಿಲ್ಲ ಬಿಡ್ರಿ. ಪ್ರಷ್ಯಾದ ಸರ್ಕಾರಕ್ಕ ಟ್ರಫಲ್ ಅನ್ನೋ ತುಟ್ಟಿ ಅಣಬಿ ಬೆಳೀಬೇಕಾಗಿತ್ತು. ಅದನ್ನ ಹುಡುಕಾಕ ಹಚ್ಚಿದ ಫ್ರಾಂಕ್ ಸಾಹೇಬ 1885ರಾಗ ಮರದ ಬೇರಿಗೆ ಹೆಣಕೊಂಡಿದ್ದ ನಮ್ಮ ಬಳಗದವರನ್ನ ಕಂಡು ‘ಶಿಲೀಂಧ್ರ-ಬೇರು’ ಅಂತ ಹೆಸರಿಟ್ಟ. ಸರ್ಕಾರಕ್ಕ ಅಣಬಿ ಸಿಗಲಿಲ್ಲ, ನಮಗ ಹೆಸರು ಸಿಕ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಾಗ ಡಿ. ಜೆ. ಭಾಗ್ಯರಾಜ್ ಅವ್ರು ನಮ್ಮ ಹಿಂದ ದಶಕಗಟ್ಟಲೆ ಬಿದ್ದಿದ್ರು, ಅಷ್ಟು ಮರ್ಯಾದಿ ಐತಿ.

ನಾನು: ನಿಮ್ಮ ಕೆಲಸ?

ಮೈಕೊ: ಬೇರಿನ ರೋಮ ಹೋಗಲಾರದ ಸಂದ್ಯಾಗ ನನ್ನ ಎಳಿ ಹೋಗ್ತೈತಿ. ಅಲ್ಲಿಂದ ರಂಜಕ ತರ್ತೀನಿ, ಗಿಡ ಸಕ್ಕರಿ ಕೊಡ್ತೈತಿ. ಇಂವ ಬೇಯಿಸಿದ ಜ್ವಾಳದ ಕಾಳಿನ ಮ್ಯಾಲೂ ಬೆಳೀತಾನ. ನನಗ ಜೀವಂತ ಬೇರು ಬೇಕು. ನೀವು ಡಿಎಪಿ ಹಿಡಿಹಿಡಿ ಸುರಿದ್ರಿ. ಮನಿ ಬಾಗಿಲಿಗೇ ರಂಜಕ ಬಂದ ಮ್ಯಾಲ ಗಿಡ ನನಗ್ಯಾಕ ಸಕ್ಕರಿ ಕೊಟ್ಟೀತು?

ನಾನು: ಕರಿಬೇವು ಕೃತಘ್ನ ಅನ್ನಿ.

ಮೈಕೊ: ಛೇ, ಬಂಗಾರದಂಥಾ ಗಿಡ. ನಿಂಬಿಯ ಕುಲದ್ದು, ಆ ಕುಲಕ್ಕ ನಾವಂದ್ರ ಪ್ರಾಣ. ಸೊಕ್ಕಿರೋದು ಸಾಸಿವಿಗೆ. ಅದು ನಮ್ಮನ್ನ ಬೇರಿನ ಹತ್ರ ಸುಳಿಯಾಕೂ ಬಿಡಂಗಿಲ್ಲ, ಕೋಸೂ ಹಂಗ. ನಿಮ್ಮ ಒಗ್ಗರಣ್ಯಾಗ ಅಷ್ಟೇ ಕರಿಬೇವು, ಸಾಸಿವಿ ಜೋಡಿ.

ಇಷ್ಟರಲ್ಲಿ ಟ್ರೈಕೋ ಗಡಿಯಾರ ನೋಡಿದ. ನಾನು ಕೊನೆಯ ಅಸ್ತ್ರ ತೆಗೆದೆ.

ನಾನು: ನಿಮ್ಮಿಂದಾಗದಿದ್ದರೆ ಬೇರೆಯವರನ್ನು ತರುತ್ತೇನೆ. ಆಘಾರ್ಕರ್ ಸಂಸ್ಥೆಯಲ್ಲಿ ದೇಶದ ಶಿಲೀಂಧ್ರಗಳ ಸಂಗ್ರಹವೇ ಇದೆಯಂತೆ.

ಟ್ರೈಕೋ: ಇದೆ, ನನ್ನ ನೆಂಟರು ಅಲ್ಲಿ ನಂಬರು ಹಾಕಿಸಿಕೊಂಡು ಮಲಗಿದ್ದಾರೆ. ವಿಳಾಸ ಜೋಪಾನ: ಸಂಸ್ಥೆ ಸಸ್ಯಶಾಸ್ತ್ರಿ ಶಂಕರ ಪುರುಷೋತ್ತಮ ಆಘಾರ್ಕರರ ಹೆಸರಿನದು, ಅದಿರುವ ರಸ್ತೆ ಸುಧಾರಕ ಗೋಪಾಳ ಗಣೇಶ ಆಗರ್ಕರರದು. ಪುಣೆಯಲ್ಲಿ ದಾರಿ ಕೇಳಿದರೆ ಮೊದಲು ನಿಮ್ಮ ಉಚ್ಚಾರ ತಿದ್ದುತ್ತಾರೆ. ಮಾಂಜರಿಗೆ ಹೋದರೆ ವಸಂತದಾದಾ ಸಕ್ಕರೆ ಸಂಸ್ಥೆಯವರ ಹತ್ತಿರ ಕಬ್ಬಿನ ಒಳಗೇ ಕೂತು ಸಾರಜನಕ ಹಿಡಿಯುವ ಬ್ಯಾಕ್ಟೀರಿಯವೂ ಇದೆ. ಯಾರನ್ನು ಬೇಕಾದರೂ ತನ್ನಿ. ಅದಕ್ಕೆ ಮುಂಚೆ ಒಂದು ಸ್ಕ್ರೂಡ್ರೈವರ್ ತನ್ನಿ.

ನಾನು: ಯಾಕೆ?

ಟ್ರೈಕೋ: ಕುಂಡದ ತೂತು ಮುಚ್ಚಿದೆ. ಟೈಲ್ಸ್ ಕೆಂಪಾಗಬಾರದೆಂದು ನೀವೇ ತಳಕ್ಕೆ ಎಂಸೀಲ್ ಮೆತ್ತಿದಿರಿ. ಎರಡು ತಿಂಗಳಿಂದ ಬೇರು ನೀರೊಳಗೆ ನಿಂತಿದೆ. ಉಸಿರೇ ಇಲ್ಲದ ಬೇರಿಗೆ ನಾನೂ ಇಲ್ಲ, ಇವಳೂ ಇಲ್ಲ. ಒಂದು ಗಂಟೆಯಾಯಿತು, ನಮಸ್ಕಾರ.

ಸ್ಕ್ರೂಡ್ರೈವರ್ ತಂದು, ಕುಂಡವನ್ನು ಗ್ರಿಲ್ಲಿಗೆ ಒರಗಿಸಿ ತಳಕ್ಕೆ ಚುಚ್ಚಿದೆ. ಕೊಳೆತ ವಾಸನೆಯ ಕರಿ ನೀರು ಬುಳುಬುಳು ಇಳಿಯಿತು. ಅರೆ ನಿಮಿಷದಲ್ಲಿ ಎಂಟನೆಯ ಮಹಡಿಯಿಂದ ಇಂಟರ್‌ಕಾಂ ಕರೆ ಬಂತು.